ಪರೀಕ್ಷೆಯ ಬಾಗಿಲು: ಮೈಸೂರು ಸಿವಿಲ್ ಸರ್ವಿಸ್‌ನಿಂದ ಕೆ.ಎ.ಎಸ್. ವರೆಗೆ



ನಮ್ಮ ಪ್ರತಿಭಾ ಪುರಸ್ಕಾರ ಸಮಾರಂಭಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ವೇದಿಕೆಗೆ ಬಂದ ಮಗುವನ್ನು "ಮುಂದೆ ಏನಾಗಬೇಕೆಂದಿದ್ದೀ?" ಎಂದು ಕೇಳಿದರೆ ಬರುವ ಉತ್ತರ ಡಾಕ್ಟರ್, ಇಲ್ಲವೇ ಇಂಜಿನಿಯರ್. "ನಾನು ತಹಶೀಲ್ದಾರ್ ಆಗುತ್ತೇನೆ" ಎನ್ನುವ ಮಗು ಅಪರೂಪ. ಆದರೆ ಸಭೆ ಮುಗಿದು ಊಟಕ್ಕೆ ಕುಳಿತಾಗ ಹಿರಿಯರ ಮಾತು ಸುತ್ತುವುದು ತಾಲ್ಲೂಕು ಕಚೇರಿಯನ್ನೇ. ಖಬರಸ್ತಾನದ ಜಾಗದ ಸರ್ವೆ ಆಗಿಲ್ಲ, ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಮಗಳ ಜಾತಿ ಪ್ರಮಾಣಪತ್ರ ಇನ್ನೂ ಸಿಕ್ಕಿಲ್ಲ. ನಮ್ಮ ನಿತ್ಯದ ಬದುಕನ್ನು ಯಾವ ಕಚೇರಿ ಅಷ್ಟು ಹತ್ತಿರದಿಂದ ಮುಟ್ಟುತ್ತದೋ ಆ ಕಚೇರಿಯ ಕುರ್ಚಿಯ ಬಗ್ಗೆ ನಮ್ಮ ಮಕ್ಕಳು ಕನಸು ಕಾಣುತ್ತಿಲ್ಲ. ಯಾಕೆ ಎಂದು ಕೇಳಿದರೆ ಸಿದ್ಧ ಉತ್ತರ ಒಂದಿದೆ: "ನಮಗೆಲ್ಲಿ ಸಿಗುತ್ತದೆ ಬಿಡಿ."

ಈ ಮಾತು ಎಷ್ಟು ನಿಜ? ಇದನ್ನು ತಿಳಿಯಬೇಕಾದರೆ ಆ ಕುರ್ಚಿಗೆ ಹೋಗುವ ಬಾಗಿಲಿನ, ಅಂದರೆ ಸ್ಪರ್ಧಾತ್ಮಕ ಪರೀಕ್ಷೆಯ ಚರಿತ್ರೆಯನ್ನು ನೋಡಬೇಕು. ಈ ಬಾಗಿಲು ಯಾವತ್ತೂ ಒಂದೇ ಆಕಾರದಲ್ಲಿ ಇರಲಿಲ್ಲ. ಪರೀಕ್ಷೆ ಯಾವ ಭಾಷೆಯಲ್ಲಿ, ಯಾವ ಊರಿನಲ್ಲಿ, ಯಾವ ವಿಷಯಗಳಲ್ಲಿ, ಸಂದರ್ಶನಕ್ಕೆ ಎಷ್ಟು ಅಂಕ ಎಂಬ ಸಣ್ಣ ಸಣ್ಣ ನಿಯಮಗಳೇ ಯಾರು ಒಳಗೆ ಹೋಗುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಎಂಬುದನ್ನು ತೀರ್ಮಾನಿಸುತ್ತ ಬಂದಿವೆ.

ಭಾಷೆ ಬದಲಾದ ದಿನ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ಆಡಳಿತದಲ್ಲಿ ಪರ್ಷಿಯನ್ ಭಾಷೆಗೆ ದೊಡ್ಡ ಸ್ಥಾನವಿತ್ತು. ಉತ್ತರ ಭಾರತದಲ್ಲಂತೂ ಕೋರ್ಟು ಕಚೇರಿಗಳ ಭಾಷೆಯೇ ಅದು. ಪರ್ಷಿಯನ್ ಬಲ್ಲವನಿಗೆ, ಅವನು ಮುಸ್ಲಿಮನಾಗಿರಲಿ, ಕಾಯಸ್ಥನಾಗಿರಲಿ, ಕೆಲಸ ಸಿಗುತ್ತಿತ್ತು. 1837ರಲ್ಲಿ ಕಂಪನಿ ಸರ್ಕಾರ ಕಾಯ್ದೆಯೊಂದರ ಮೂಲಕ ಆಡಳಿತ ಮತ್ತು ನ್ಯಾಯಾಲಯಗಳಿಂದ ಪರ್ಷಿಯನ್ನನ್ನು ಕೈಬಿಡಲು ದಾರಿ ಮಾಡಿತು. ಮೇಲಿನ ಹಂತದಲ್ಲಿ ಇಂಗ್ಲಿಷ್, ಕೆಳಗಿನ ಹಂತದಲ್ಲಿ ದೇಶಭಾಷೆಗಳು ಬಂದವು. ತಲೆಮಾರುಗಳಿಂದ ಗಳಿಸಿದ ವಿದ್ಯೆ ಕೆಲವೇ ವರ್ಷಗಳಲ್ಲಿ ಬೆಲೆ ಕಳೆದುಕೊಂಡಿತು. ಹೊಸ ಭಾಷೆಯನ್ನು ಬೇಗ ಕಲಿತವರು ಮುಂದೆ ಹೋದರು, ತಡಮಾಡಿದವರು ಹಿಂದೆ ಉಳಿದರು.

1853ರ ಚಾರ್ಟರ್ ಕಾಯ್ದೆಯ ನಂತರ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಶಿಫಾರಸಿನ ಬದಲು ಸ್ಪರ್ಧಾತ್ಮಕ ಪರೀಕ್ಷೆ ಬಂತು. 1855ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಕಾಗದದ ಮೇಲೆ ಅದು ಎಲ್ಲರಿಗೂ ತೆರೆದಿತ್ತು. ಆದರೆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ! ಹಡಗಿನ ಖರ್ಚು ಭರಿಸಬಲ್ಲ ಭಾರತೀಯರು ಎಷ್ಟು ಮಂದಿ? 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರರು ಮೊದಲ ಭಾರತೀಯರಾಗಿ ತೇರ್ಗಡೆಯಾದರು. 1870ರ ದಶಕದ ಕೊನೆಗೆ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಿ ಬಾಗಿಲನ್ನು ಇನ್ನಷ್ಟು ಕಿರಿದು ಮಾಡಲಾಯಿತು. ಭಾರತದ ನೆಲದಲ್ಲೇ ಈ ಪರೀಕ್ಷೆ ಬರೆಯಲು ನಮ್ಮವರು 1922ರ ವರೆಗೆ ಕಾಯಬೇಕಾಯಿತು.

ಸರ್ ಸಯ್ಯದರ ಭಯ

ಇಲ್ಲಿ ನಮ್ಮ ಸಮುದಾಯದ ಚರಿತ್ರೆಯ ಒಂದು ಮುಖ್ಯ ಪ್ರಸಂಗವನ್ನು ನೆನೆಯಬೇಕು. ಲಂಡನ್ನಿನ ಜೊತೆಗೆ ಭಾರತದಲ್ಲಿಯೂ ಪರೀಕ್ಷೆ ನಡೆಯಬೇಕೆಂದು ಕಾಂಗ್ರೆಸ್ ಒತ್ತಾಯಿಸುತ್ತಿದ್ದಾಗ ಸರ್ ಸಯ್ಯದ್ ಅಹ್ಮದ್ ಖಾನ್ ಅದನ್ನು ವಿರೋಧಿಸಿದರು. 1887ರ ಡಿಸೆಂಬರ್‌ನಲ್ಲಿ ಲಕ್ನೋದಲ್ಲಿ ಮಾಡಿದ ಭಾಷಣದಲ್ಲಿ ಅವರು ಹೇಳಿದ್ದರ ಸಾರಾಂಶ ಇದು: ದೇಶದ ಎಲ್ಲ ಸಮುದಾಯಗಳೂ ವಿದ್ಯೆಯಲ್ಲಿ ಸಮಾನವಾಗಿಲ್ಲದಿರುವಾಗ ಸ್ಪರ್ಧೆ ನಡೆದರೆ ಮುಂದುವರಿದವರೇ ಎಲ್ಲವನ್ನೂ ಪಡೆಯುತ್ತಾರೆ. ಇದರ ಜೊತೆಗೆ ಕುಲೀನ ಮನೆತನದವರನ್ನು ಸಾಮಾನ್ಯರ ಮಕ್ಕಳು ಆಳುವುದು ಸರಿಯಲ್ಲ ಎಂಬ ಮಾತನ್ನೂ ಸೇರಿಸಿದರು.

ಇಷ್ಟು ಕಾಲದ ನಂತರ ನಾವು ನ್ಯಾಯವಾಗಿ ತೂಗಿ ನೋಡಬೇಕು. ಕುಲೀನತೆಯ ವಾದವನ್ನು ಇಂದು ಯಾರೂ ಒಪ್ಪಲಾರರು. ಇಸ್ಲಾಮಿನ ಸಮಾನತೆಯ ಪಾಠಕ್ಕೂ ಅದು ಹೊಂದುವುದಿಲ್ಲ. ಆದರೆ ಅಸಮಾನರ ನಡುವಿನ ಸ್ಪರ್ಧೆ ನಿಜವಾದ ಸ್ಪರ್ಧೆಯಲ್ಲ ಎಂಬ ಮಾತಿನಲ್ಲಿ ಸತ್ಯವಿತ್ತು. ಸ್ವಾರಸ್ಯವೇನೆಂದರೆ ಸ್ವತಃ ಸರ್ ಸಯ್ಯದರೇ ಮುನ್ಸಿಫ್ ಪರೀಕ್ಷೆ ಪಾಸು ಮಾಡಿ 1841ರಲ್ಲಿ ಮುನ್ಸಿಫರಾದವರು! ಅವರು ಪರೀಕ್ಷೆಯನ್ನು ವಿರೋಧಿಸಿ ಸುಮ್ಮನೆ ಕೂರಲಿಲ್ಲ ಎಂಬುದೂ ಮುಖ್ಯ. 1875ರಲ್ಲಿ ಅಲಿಗಢದ ವಿದ್ಯಾಸಂಸ್ಥೆ, 1886ರಲ್ಲಿ ಮುಸ್ಲಿಂ ಶಿಕ್ಷಣ ಸಮ್ಮೇಳನ ಇವೆರಡೂ ಅವರ ಕೊಡುಗೆ. ನಾವು ಅವರ ಭಯವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡು ಅವರು ಕೈಗೊಂಡ ಪರಿಹಾರವನ್ನು ಮರೆತೆವೇ ಎಂದು ಕೇಳಿಕೊಳ್ಳಬೇಕಾಗಿದೆ.

ಮೈಸೂರಿನಲ್ಲಿ ಪರೀಕ್ಷೆ

ಈಗ ನಮ್ಮ ನಾಡಿಗೆ ಬರೋಣ. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಳ್ವಿಕೆಯ ನಂತರ 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಇಂದಿನ ಕೆ.ಎ.ಎಸ್. ಪರೀಕ್ಷೆಯ ಅಜ್ಜ ಎಂದು ಇದನ್ನು ಕರೆಯಬಹುದು. ಅದೇ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು 1914ರಲ್ಲಿ ಈ ಪರೀಕ್ಷೆಯ ಮೂಲಕವೇ ಸರ್ಕಾರಿ ಸೇವೆಗೆ ಬಂದು ಅಸಿಸ್ಟೆಂಟ್ ಕಮಿಷನರ್ ಆದವರು.

ಪರೀಕ್ಷೆ ಬಂದಿತು, ಶಿಫಾರಸು ಹಿಂದೆ ಸರಿಯಿತು. ಇದು ದೊಡ್ಡ ಸುಧಾರಣೆಯೇ ಸರಿ. ಆದರೆ ಇಲ್ಲಿಯೂ ಬಾಗಿಲಿನ ಆಕಾರ ಕೆಲಸ ಮಾಡಿತು. ಇಂಗ್ಲಿಷ್ ಉನ್ನತ ಶಿಕ್ಷಣ ಬೇಕು. 1916ರ ವರೆಗೆ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ, ಪದವಿ ಕೊಡುತ್ತಿದ್ದುದು ಮದ್ರಾಸ್. ಚಿತ್ರದುರ್ಗದ ಹಳ್ಳಿಯ ರೈತನ ಮಗ, ಶಿರಾದ ನೇಕಾರನ ಮಗ, ಚನ್ನಪಟ್ಟಣದ ಕುಶಲಕರ್ಮಿಯ ಮಗ ಬೆಂಗಳೂರು ಮೈಸೂರುಗಳ ಕಾಲೇಜಿಗೆ ಬಂದು ಓದುವುದು ಸುಲಭದ ಮಾತಲ್ಲ. ಇದರ ಪರಿಣಾಮವಾಗಿ 1918ರ ಹೊತ್ತಿಗೆ ಜನಸಂಖ್ಯೆಯಲ್ಲಿ ಶೇ. 3ರ ಆಸುಪಾಸಿನಲ್ಲಿದ್ದ ಬ್ರಾಹ್ಮಣ ಸಮುದಾಯ ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪಡೆದಿತ್ತು. ಅವರು ಓದಿದರು, ಪಡೆದರು. ಅದಕ್ಕಾಗಿ ಅವರನ್ನು ದೂಷಿಸುವುದು ಸಲ್ಲದು. ಉಳಿದವರಿಗೆ ಓದುವ ಅವಕಾಶವೇ ಸಿಗದಿದ್ದುದು ವ್ಯವಸ್ಥೆಯ ದೋಷ.

ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರ ವರೆಗೆ ದಿವಾನರಾಗಿರಲಿಲ್ಲವೇ ಎಂದು ನೀವು ಕೇಳಬಹುದು. ನಿಜ, ಅವರ ದಕ್ಷತೆ ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಬೆಳೆದವರು. ಅಂಥ ಅದೃಷ್ಟ ಎಷ್ಟು ಮನೆಗಳಿಗೆ? ಒಬ್ಬ ಮಿರ್ಜಾ ಅವರನ್ನು ತೋರಿಸಿ ನಾವು ತೃಪ್ತಿಪಡುವಂತಿಲ್ಲ. ಅರಮನೆಯ ಪರಿಚಯವಿಲ್ಲದ ಮನೆಯ ಮಗುವಿಗೆ ಇರುವ ದಾರಿ ಪರೀಕ್ಷೆಯೊಂದೇ.

ಮಿಲ್ಲರ್ ಸಮಿತಿ ಹೇಳಿದ್ದು

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡಿತು. ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಖಂಡರು ಇದರಲ್ಲಿ ಒಟ್ಟಾಗಿ ಕುಳಿತರು. ಅವರ ಮನವಿಯ ಫಲವಾಗಿ 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಗೆ ಧಕ್ಕೆ ಬರುತ್ತದೆ ಎಂಬುದು ದಿವಾನ್ ವಿಶ್ವೇಶ್ವರಯ್ಯನವರ ನಿಲುವಾಗಿತ್ತು, ಅವರು ಹುದ್ದೆಯಿಂದ ಹೊರಬಂದರು. 1919ರಲ್ಲಿ ವರದಿ ಬಂತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗುವಂತಾಗಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಹಿಂದುಳಿದವರ ಆ ಪಟ್ಟಿಯಲ್ಲಿ ಮುಸ್ಲಿಮರೂ ಇದ್ದರು.

ಸಮಿತಿಯ ಇನ್ನೊಂದು ವಿಚಾರ ಇಂದಿಗೂ ಯೋಚಿಸುವಂಥದ್ದು. ಅಧಿಕಾರಿಯ ದಕ್ಷತೆಯನ್ನು ಪರೀಕ್ಷೆಯ ಅಂಕದಿಂದ ಮಾತ್ರ ಅಳೆಯಬಾರದು, ಜನರ ಬಗ್ಗೆ ಸಹಾನುಭೂತಿ, ಪ್ರಾಮಾಣಿಕತೆ, ಲೋಕಜ್ಞಾನ ಇವೂ ದಕ್ಷತೆಯೇ ಎಂದು ಅದು ವಾದಿಸಿತು. ಮೀಸಲಾತಿ ಕುರಿತ ಇಂದಿನ ಚರ್ಚೆಗಳ ಬೀಜ ಅಲ್ಲಿದೆ. ಕರ್ನಾಟಕದ ಮುಸ್ಲಿಮರಿಗೆ 1990ರ ದಶಕದ ಮಧ್ಯದಲ್ಲಿ ದೊರೆತ 2ಬಿ ಪ್ರವರ್ಗದ ಶೇ. 4ರ ಮೀಸಲಾತಿ ಹಠಾತ್ತನೆ ಬಂದ ಕೊಡುಗೆಯಲ್ಲ, ಅದರ ಬೇರು ಮಿಲ್ಲರ್ ವರದಿಯ ವರೆಗೆ ಹೋಗುತ್ತದೆ. 2023ರ ಮಾರ್ಚ್‌ನಲ್ಲಿ ಅದನ್ನು ರದ್ದುಪಡಿಸಿ ಅಂದಿನ ಸರ್ಕಾರ ಆದೇಶ ಹೊರಡಿಸಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆದೇಶ ಜಾರಿಯಾಗದೆ ಹಳೆಯ ವ್ಯವಸ್ಥೆಯೇ ಮುಂದುವರಿಯಿತು. ಹಕ್ಕುಗಳಿಗಾಗಿ ಎಚ್ಚರದಿಂದಿರುವುದು ಅಗತ್ಯ. ಆದರೆ ಮೀಸಲಾತಿಯ ಲಾಭ ಪಡೆಯಬೇಕಾದರೂ ಮೊದಲು ಪರೀಕ್ಷೆಗೆ ಕೂರಬೇಕು ಎಂಬುದನ್ನು ಮರೆಯಬಾರದು.

ಆಯೋಗ, ಏಕೀಕರಣ, ಮತ್ತೊಮ್ಮೆ ಭಾಷೆ

ಸಂವಿಧಾನದ 315ನೆಯ ವಿಧಿಯಂತೆ ಪ್ರತಿ ರಾಜ್ಯಕ್ಕೂ ಲೋಕಸೇವಾ ಆಯೋಗ ಇರಬೇಕು. ಅದರಂತೆ ನಮ್ಮ ರಾಜ್ಯದ ಆಯೋಗ 1951ರ ಮೇ 18ರಂದು ಸ್ಥಾಪನೆಯಾಯಿತು. 1956ರಲ್ಲಿ ಏಕೀಕರಣವಾಗಿ ಬೇರೆ ಬೇರೆ ಆಡಳಿತಗಳಲ್ಲಿದ್ದ ಕನ್ನಡ ಪ್ರದೇಶಗಳು ಒಂದಾದವು. ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಹೈದರಾಬಾದಿನಿಂದ ಬಂದವು. ನಿಜಾಮರ ರಾಜ್ಯದಲ್ಲಿ 1884ರಿಂದ ಉರ್ದು ಆಡಳಿತ ಭಾಷೆಯಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ಕೊಡುತ್ತಿತ್ತು. 1948ರ ನಂತರ ಆ ಭಾಷೆಯ ಸ್ಥಾನ ಹೋಯಿತು. 1837ರಲ್ಲಿ ಪರ್ಷಿಯನ್ ಬಲ್ಲವರಿಗೆ ಆದದ್ದೇ ಅಲ್ಲಿನ ಉರ್ದು ಬಲ್ಲ ಮನೆಗಳಿಗೂ ಆಯಿತು.

ನೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಕಲಿತ ಈ ಪಾಠ ಮೂರನೆಯ ಬಾರಿ ಕಲಿಯುವಂತಾಗಬಾರದು. ಇಂದು ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಉರ್ದು ಇರಲಿ, ಬ್ಯಾರಿ ಇರಲಿ, ನವಾಯತಿ ಇರಲಿ, ಮನೆಮಾತನ್ನು ಪ್ರೀತಿಸೋಣ, ಉಳಿಸೋಣ. ಆದರೆ ಕನ್ನಡದಲ್ಲಿ ಒಂದು ಅರ್ಜಿ, ಒಂದು ಪ್ರಬಂಧ, ಒಂದು ಟಿಪ್ಪಣಿಯನ್ನು ತಪ್ಪಿಲ್ಲದೆ ಬರೆಯಲಾರದವನಿಗೆ ವಿಧಾನಸೌಧ ದೂರವೇ ಉಳಿಯುತ್ತದೆ.

ಇಂದಿನ ಪರೀಕ್ಷೆಯ ರಚನೆ

ಕೆ.ಎ.ಎಸ್. ಎಂದು ನಾವು ಕರೆಯುವ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆ ಈಗ 1997ರ ನಿಯಮಗಳು ಮತ್ತು ಅವುಗಳ ತಿದ್ದುಪಡಿಗಳಂತೆ ನಡೆಯುತ್ತದೆ. ಅಸಿಸ್ಟೆಂಟ್ ಕಮಿಷನರ್, ಡಿವೈಎಸ್‌ಪಿ, ತಹಶೀಲ್ದಾರ್, ವಾಣಿಜ್ಯ ತೆರಿಗೆ ಅಧಿಕಾರಿ ಮೊದಲಾದ ಎ ಮತ್ತು ಬಿ ಗುಂಪಿನ ಹುದ್ದೆಗಳಿಗೆ ಇದೊಂದೇ ಪರೀಕ್ಷೆ. ಯಾವುದೇ ಪದವಿ ಸಾಕು, ಇಂಥದ್ದೇ ಆಗಬೇಕೆಂದಿಲ್ಲ.

ಮೊದಲನೆಯದು ಪೂರ್ವಭಾವಿ ಪರೀಕ್ಷೆ. ಎರಡು ಪತ್ರಿಕೆಗಳು, ಪ್ರತಿಯೊಂದರಲ್ಲಿ 100 ಪ್ರಶ್ನೆ, 200 ಅಂಕ. ಮೊದಲ ಪತ್ರಿಕೆಯಲ್ಲಿ ರಾಷ್ಟ್ರೀಯ, ಅಂತಾರಾಷ್ಟ್ರೀಯ ವಿದ್ಯಮಾನ ಮತ್ತು ಮಾನವಿಕ ವಿಷಯಗಳು. ಎರಡನೆಯದರಲ್ಲಿ ರಾಜ್ಯದ ವಿದ್ಯಮಾನ, ವಿಜ್ಞಾನ, ಪರಿಸರ ಮತ್ತು ಎಸ್‌ಎಸ್‌ಎಲ್‌ಸಿ ಮಟ್ಟದ ಮಾನಸಿಕ ಸಾಮರ್ಥ್ಯ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಇಲ್ಲಿನ ಅಂಕ ಕೊನೆಯ ಪಟ್ಟಿಗೆ ಸೇರುವುದಿಲ್ಲ, ಇದು ಜರಡಿ ಮಾತ್ರ.

ಎರಡನೆಯದು ಮುಖ್ಯ ಪರೀಕ್ಷೆ. ಕನ್ನಡ ಮತ್ತು ಇಂಗ್ಲಿಷ್ ಭಾಷಾ ಪತ್ರಿಕೆಗಳು ತಲಾ 150 ಅಂಕದವು. ಇವುಗಳಲ್ಲಿ ತೇರ್ಗಡೆಯಾದರೆ ಸಾಕು, ರ‍್ಯಾಂಕಿಗೆ ಲೆಕ್ಕವಿಲ್ಲ. ಆದರೆ ಇಲ್ಲಿ ಬಿದ್ದವರ ಉಳಿದ ಉತ್ತರ ಪತ್ರಿಕೆಗಳಿಗೆ ಬೆಲೆಯಿಲ್ಲ! ನಂತರ 250 ಅಂಕದ ಪ್ರಬಂಧ, ತಲಾ 250 ಅಂಕದ ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳು, ಒಟ್ಟು 1250. ನಾಲ್ಕನೆಯ ಸಾಮಾನ್ಯ ಅಧ್ಯಯನ ಪತ್ರಿಕೆ ನೀತಿ ಮತ್ತು ಪ್ರಾಮಾಣಿಕತೆಗೆ ಸಂಬಂಧಿಸಿದ್ದು. ಮಿಲ್ಲರ್ ಸಮಿತಿ ಈ ಪತ್ರಿಕೆಯನ್ನು ನೋಡಿದ್ದರೆ ಸಂತೋಷಪಡುತ್ತಿತ್ತೇನೋ. ಉತ್ತರವನ್ನು ಕನ್ನಡದಲ್ಲಿಯೂ ಬರೆಯಬಹುದು, ಇಂಗ್ಲಿಷಿನಲ್ಲಿಯೂ ಬರೆಯಬಹುದು.

ಮೂರನೆಯದು ವ್ಯಕ್ತಿತ್ವ ಪರೀಕ್ಷೆ, ಅಂದರೆ ಸಂದರ್ಶನ. ಈ ಹಂತದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ "ನಮಗೆಲ್ಲಿ ಸಿಗುತ್ತದೆ" ಎಂಬ ಮಾತು ಹುಟ್ಟುವುದೇ ಇಲ್ಲಿ. 2011ರ ನೇಮಕಾತಿಯ ವರೆಗೆ ಲಿಖಿತ ಪರೀಕ್ಷೆಗೆ 1800, ಸಂದರ್ಶನಕ್ಕೆ 200 ಅಂಕಗಳಿದ್ದವು. ಆ ಸಾಲಿನ 362 ಹುದ್ದೆಗಳ ಆಯ್ಕೆಯಲ್ಲಿ ಅಕ್ರಮದ ಆರೋಪ ಕೇಳಿಬಂದು ಸಿಐಡಿ ತನಿಖೆ ನಡೆಯಿತು. 2014ರಲ್ಲಿ ಸರ್ಕಾರ ಪಟ್ಟಿಯನ್ನೇ ಹಿಂಪಡೆಯಿತು. ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು ಕೊನೆಗೆ 2022ರಲ್ಲಿ ಆ ನೇಮಕಾತಿಗಳನ್ನು ಊರ್ಜಿತಗೊಳಿಸುವ ಕಾಯ್ದೆಯೇ ಬಂತು. ಈ ನಡುವೆ 2013ರಲ್ಲಿ ಯುಪಿಎಸ್‌ಸಿಯ ಮಾಜಿ ಅಧ್ಯಕ್ಷ ಪಿ. ಸಿ. ಹೋಟಾ ಅವರ ಸಮಿತಿ ಸುಧಾರಣೆಗಳನ್ನು ಸೂಚಿಸಿತು. ಎರಡು ಐಚ್ಛಿಕ ವಿಷಯಗಳ ಬದಲು ಒಂದೇ ಉಳಿದು ಪ್ರಬಂಧ ಮತ್ತು ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆಗಳು ಬಂದವು. ಮುಂದೆ ಆ ಒಂದು ಐಚ್ಛಿಕ ವಿಷಯವೂ ಹೋಯಿತು. 384 ಹುದ್ದೆಗಳಿಗೆ 2024ರಲ್ಲಿ ಹೊರಟ ಅಧಿಸೂಚನೆಯಲ್ಲಿ ಸಂದರ್ಶನಕ್ಕೆ ಇದ್ದುದು ಕೇವಲ 25 ಅಂಕ.

ಲೆಕ್ಕ ಹಾಕಿ ನೋಡಿ. ಅಂದು 2000ಕ್ಕೆ 200, ಅಂದರೆ ಶೇ. 10. ಇಂದು 1275ಕ್ಕೆ 25, ಅಂದರೆ ಶೇ. 2ಕ್ಕಿಂತಲೂ ಕಡಿಮೆ. ಹೆಸರು, ಉಡುಪು, ಪರಿಚಯ, ಪ್ರಭಾವ ಇವೆಲ್ಲ ಕೆಲಸ ಮಾಡಬಹುದಾದ ಜಾಗ ಇಷ್ಟು ಕಿರಿದಾಗಿದೆ. ಉಳಿದ ಶೇ. 98 ನಿಮ್ಮ ಲೇಖನಿಯಲ್ಲಿದೆ.

ಎಲ್ಲವೂ ಸರಿಯಾಗಿದೆ ಎಂದು ಹೇಳುತ್ತಿಲ್ಲ. 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳಿಂದ ಕನ್ನಡ ಮಾಧ್ಯಮದವರು ಸಂಕಷ್ಟಕ್ಕೆ ಸಿಲುಕಿದರು. ಪ್ರತಿಭಟನೆಗೆ ಮಣಿದು ಅದೇ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು. ಅದರ ಬಗ್ಗೆಯೂ ದೂರುಗಳು ಬಂದವು. ಅಧಿಸೂಚನೆಯಿಂದ ನೇಮಕಾತಿ ಆದೇಶದ ವರೆಗೆ ವರ್ಷಗಳೇ ಕಳೆಯುತ್ತವೆ. ಬಡ ಮನೆಯ ಹುಡುಗನಿಗೆ ಈ ಕಾಯುವಿಕೆಯೇ ದೊಡ್ಡ ಪರೀಕ್ಷೆ.

ಅಂಕಿಗಳು ಹೇಳುವ ಮಾತು

2006ರಲ್ಲಿ ವರದಿ ನೀಡಿದ ಸಾಚಾರ್ ಸಮಿತಿಯ ಅಂಕಿಗಳನ್ನು ನಮ್ಮ ಸಭೆಗಳಲ್ಲಿ ಆಗಾಗ ಕೇಳುತ್ತೇವೆ. ಅಂದು ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4, ವಿದೇಶಾಂಗ ಸೇವೆಯಲ್ಲಿ ಶೇ. 1.8. ದುಃಖದ ಅಂಕಿಗಳು. ಆದರೆ ಅದೇ ವರದಿಯಲ್ಲಿರುವ ಇನ್ನೊಂದು ಮಾತನ್ನು ನಾವು ಉದ್ಧರಿಸುವುದು ಕಡಿಮೆ. 2003 ಮತ್ತು 2004ರ ಕೇಂದ್ರ ನಾಗರಿಕ ಸೇವಾ ಪರೀಕ್ಷೆಗಳಲ್ಲಿ ಲಿಖಿತ ಪರೀಕ್ಷೆಗೆ ಕುಳಿತವರಲ್ಲಿ ಮುಸ್ಲಿಮರು ಶೇ. 4.9 ಮಾತ್ರ. ಅಂದಿನ ಜನಸಂಖ್ಯೆಯ ಪಾಲು ಶೇ. 13.4. ಕುಳಿತವರ ಯಶಸ್ಸಿನ ಪ್ರಮಾಣವಾದರೋ ಉಳಿದ ಅಭ್ಯರ್ಥಿಗಳಷ್ಟೇ ಇತ್ತು!

ಇದು ಕೇಂದ್ರದ ಪರೀಕ್ಷೆಯ ಲೆಕ್ಕ, ಎರಡು ವರ್ಷಗಳದ್ದು ಮಾತ್ರ. ಆದರೂ ಅದು ಹೇಳುವ ಪಾಠ ಸ್ಪಷ್ಟ. ನಾವು ಪರೀಕ್ಷೆಯ ಒಳಗೆ ಸೋತದ್ದಕ್ಕಿಂತ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಸೋತದ್ದು ಹೆಚ್ಚು. ಕಾಲೇಜಿಗೆ ಹೋಗದೆ, ಹೋದರೂ ಪದವಿ ಮುಗಿಸದೆ, ಮುಗಿಸಿದರೂ ಅರ್ಜಿ ಹಾಕದೆ ಸೋತಿದ್ದೇವೆ.

ನಾವು ಮಾಡಬೇಕಾದದ್ದು

ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಪದವಿಯ ಮೊದಲ ವರ್ಷದಿಂದಲೇ ದಿನಕ್ಕೊಂದು ಕನ್ನಡ ಪತ್ರಿಕೆಯನ್ನು ಸಂಪಾದಕೀಯ ಸಹಿತ ಓದಿ. ವಾರಕ್ಕೊಂದು ಪುಟ ಸ್ವಂತ ಕೈಯಿಂದ ಬರೆಯಿರಿ. ಸರ್ಕಾರಿ ಶಾಲೆಯಲ್ಲಿ ಓದಿದವರು ಕೀಳರಿಮೆ ಬಿಡಿ. ಒಂದರಿಂದ ಹತ್ತನೆಯ ತರಗತಿ ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 25ರ ಮೀಸಲಾತಿಗೆ ಅವಕಾಶವಿದೆ. ಕಲ್ಯಾಣ ಕರ್ನಾಟಕದವರಿಗೆ 371ಜೆ ವಿಧಿಯ ಸೌಲಭ್ಯವಿದೆ. ಪಿಂಜಾರ, ನದಾಫ್ ಬಂಧುಗಳು ಪ್ರವರ್ಗ 1ರಲ್ಲಿ ಬರುತ್ತಾರೆ. ಈ ಪ್ರಮಾಣಪತ್ರಗಳನ್ನು ಅಧಿಸೂಚನೆ ಬರುವ ಮುನ್ನವೇ ಮಾಡಿಸಿಟ್ಟುಕೊಳ್ಳಿ. ಕೊನೆಯ ದಿನ ಸೈಬರ್ ಕೆಫೆಯ ಮುಂದೆ ನಿಂತು ಪರಿತಪಿಸುವುದು ಬೇಡ.

ತಂದೆ ತಾಯಿಯರಿಗೊಂದು ವಿನಂತಿ. ನಮ್ಮ ಹೆಣ್ಣುಮಕ್ಕಳು ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶಗಳಲ್ಲಿ ಹುಡುಗರನ್ನು ಹಿಂದಿಕ್ಕುತ್ತಿದ್ದಾರೆ. ಅವರ ಓದನ್ನು ಪದವಿಗೆ ನಿಲ್ಲಿಸಬೇಡಿ. ಎರಡು ವರ್ಷ ಸಮಯ ಕೊಡಿ.

ಸಂಘದ ಸದಸ್ಯರಿಗೂ ಹೇಳಬೇಕಾದದ್ದಿದೆ. ಹಾರ, ಶಾಲು, ನೆನಪಿನ ಕಾಣಿಕೆಗಳಿಗೆ ಖರ್ಚಾಗುವ ಹಣದಲ್ಲಿ ಒಂದು ಪಾಲನ್ನು ವಾಚನಾಲಯಕ್ಕೆ ಕೊಡೋಣ. ರಾತ್ರಿ ಹತ್ತರ ವರೆಗೆ ದೀಪ ಉರಿಯುವ ಒಂದು ಕೋಣೆ, ಇಪ್ಪತ್ತು ಕುರ್ಚಿ, ನಾಲ್ಕು ಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆಗಳು, ಉತ್ತರ ತಿದ್ದಿಕೊಡಲು ನಿವೃತ್ತ ಮೇಷ್ಟ್ರು ಒಬ್ಬರು. ಇಷ್ಟಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಆ ಕೋಣೆಯಲ್ಲಿ ನೆರೆಹೊರೆಯ ಎಲ್ಲ ಸಮುದಾಯದ ಮಕ್ಕಳಿಗೂ ಜಾಗವಿರಲಿ. 1917ರಲ್ಲಿ ಹಿರಿಯರು ಒಟ್ಟಾಗಿ ಕುಳಿತದ್ದರಿಂದಲೇ ಬಾಗಿಲು ಅಗಲವಾಯಿತೆಂಬುದು ನೆನಪಿರಲಿ.

ಅಧಿಕಾರ ನಮ್ಮವರಿಗೆ ಮಾತ್ರ ಕೆಲಸ ಮಾಡಿಕೊಡಲು ಸಿಗುವ ಆಸ್ತಿಯಲ್ಲ, ಅದು ಅಮಾನತ್. ನಾಳೆ ನಿಮ್ಮಲ್ಲೊಬ್ಬರು ತಾಲ್ಲೂಕು ಕಚೇರಿಯ ಆ ಕುರ್ಚಿಯಲ್ಲಿ ಕುಳಿತಾಗ ಖಬರಸ್ತಾನದ ಕಡತವೂ ಸ್ಮಶಾನದ ಕಡತವೂ ಒಂದೇ ವೇಗದಲ್ಲಿ ಚಲಿಸಬೇಕು. ಅಂಥ ಅಧಿಕಾರಿಗಳು ನಮ್ಮ ಮನೆಗಳಿಂದ ಬರುವಂತಾಗಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಪರಿಶ್ರಮದ ತೌಫೀಕ್ ದಯಪಾಲಿಸಲಿ. ಆಮೀನ್.